ಓಂಕಾರ ಭಾವನ ಬೆಳ್ಳಿಕಡ್ಡಿ ಜಿಗಿದ ಚಳಿಗಾಲ

ಮೊದ್ಲೇ ಹೇಳ್ಬಿಡ್ತೀನಿ ಮಗಾ, ತಪ್ಪು ನಂದು. ಆಮೇಲೆ ಯಾರಾದ್ರೂ ಬಂದು ಹಂಗಲ್ಲ ಹಿಂಗೆ, ಶಂಭು ತಾತಂದೇನೂ ತಪ್ಪಿರ್ಲಿಲ್ಲ, ಆ ವರ್ಷದ ಚಳಿ ಹಂಗಿತ್ತು ಅಂತ ಬೆಣ್ಣೆ ಹಚ್ಚಿ ಹೇಳಿದ್ರೆ ನಂಬಬೇಡ. ನಿಮ್ಮಜ್ಜಿ ಕಾಳಮ್ಮ ನನ್ನ ಒಡಹುಟ್ಟಿದ ಅಕ್ಕ. ಅವಳ ಗಂಡ ಓಂಕಾರಾಚಾರಿ ನನ್ನ ಭಾವ, ನಂಗೆ ಹೆಣ್ಣು ನೋಡಿ ಮದ್ವೆ ಮಾಡಿಸಿದೋನು. ಅಂಥಾ ಭಾವನ ಕುಲುಮೆಗೆ ನೀರು ಹುಯ್ಯಬೇಕು ಅಂತ ಊರಿನ ಮುಂದೆ ನಿಂತ್ಕೊಂಡು ಹೇಳಿದೋನು ನಾನೇ. ಈ ಫೋನು ಮಧ್ಯ ಮಧ್ಯ ನಿಂತೋಗುತ್ತೆ, ಮಾತು ತುಂಡು ತುಂಡಾಗಿ ಬಂದ್ರೆ ನೀನೇ ಜೋಡಿಸ್ಕೋ.

ನಮ್ಮೂರಲ್ಲಿ ಬೆಟ್ಟಕ್ಕೆ ನೂರಾ ಮೂವತ್ತೊಂದು ಮೆಟ್ಟಿಲು. ಚಳಿ ಬಿತ್ತು ಅಂದ್ರೆ ಬೆಟ್ಟ ಲೋಹಾನ ಎಳೆಯೋಕೆ ಶುರು ಮಾಡೋದು. ಸುಮ್ನೆ ತನ್ನ ಕಡೆಗೆ ಎಳ್ಕೊಂಡಿದ್ರೆ ಪರವಾಗಿರ್ಲಿಲ್ಲ. ಒಂದು ಮೆಟ್ಟಿಲಲ್ಲಿ ಎಡಕ್ಕೆ ತಿರುಗ್ಸೋದು, ನಾಲ್ಕು ಮೆಟ್ಟಿಲು ಹತ್ತಿದ್ರೆ ಬಲಕ್ಕೆ, ಮತ್ತೆ ಎಡಕ್ಕೆ. ಹೆಂಗಸ್ರು ತಾಮ್ರದ ಕೊಡ ಇಟ್ಕೊಂಡು ಮೇಲಿನ ಬೀದಿಗೆ ಹೋಗುವಾಗ ಹತ್ತೊಂಬತ್ತನೇ ಮೆಟ್ಟಿಲಲ್ಲಿ ಕೊಡಾನ ಬಲ ಸೊಂಟದಿಂದ ಎಡ ಸೊಂಟಕ್ಕೆ ಬದಲಾಯಿಸೋರು, ಮೂವತ್ತೆರಡನೇದ್ರಲ್ಲಿ ವಾಪಸ್ಸು. ಯಾರೂ ಎಣಿಸ್ತಿರ್ಲಿಲ್ಲ, ಸೊಂಟಕ್ಕೇ ಗೊತ್ತಿತ್ತು. ಕೆಳಗಿನ ಬೀದಿ ಅಡುಗೆಮನೆಗಳಲ್ಲಿ ಗೂಟಕ್ಕೆ ನೇತುಹಾಕಿದ ಸೌಟು ಗೋಡೆ ಕಡೆ ಮುಖ ಮಾಡೋದು, ಮೇಲಿನ ಬೀದೀಲಿ ಒಲೆ ಕಡೆ. ಕೆಳಗಿಂದ ಮೇಲಕ್ಕೆ ಮದ್ವೆಯಾಗಿ ಹೋದ ಹುಡುಗೀರು ಮೊದಲ ವರ್ಷ ಸೌಟು ಹಿಡಿಯೋಕೆ ಹೋಗಿ ಗಾಳಿ ಹಿಡಿಯೋರು, ಅತ್ತೆಯಂದ್ರು ನಗೋರು. ಕೂಸುಗಳ ಬೆಳ್ಳಿ ಕಡಗ ಕಾರ್ತಿಕ ಮುಗಿಯೋದ್ರೊಳಗೆ ಬಿಚ್ಚಿಡೋರು, ಇಲ್ಲಾಂದ್ರೆ ಎತ್ಕೊಂಡು ಮೆಟ್ಟಿಲು ಹತ್ತುವಾಗ ಕಾಲು ತಿರುಚಿದಂಗಾಗಿ ಅಳೋವು. ಬೇಸಿಗೆ ಬಂತೋ, ಇದ್ಯಾವ್ದೂ ಇಲ್ಲ. ಲೋಹ ಲೋಹದ ಥರ ಬಿದ್ದಿರೋದು. ಹೊರಗಿನೋರು ಬಂದು ನಿಮ್ಮೂರಲ್ಲಿ ಯಾಕೆ ಹಿಂಗೆ ಅನ್ನೋರು. ನಿಮ್ಮೂರಲ್ಲಿ ಯಾಕೆ ಹಂಗಿಲ್ಲ ಅಂತ ನಾವು ಕೇಳೋರು. ಅಲ್ಲಿಗೆ ಮಾತು ಮುಗಿಯೋದು.

ಬೆಳ್ಳಿ ಕರಗಿಸೋ ಕುಲುಮೆ ಊರಲ್ಲಿ ಒಂಬತ್ತಿದ್ವು. ಕುಲುಮೆ ಕೆಂಡ ಆರೋಕೆ ಯಾರೂ ಬಿಡ್ತಿರ್ಲಿಲ್ಲ. ಕೆಲ್ಸ ಇಲ್ದಿದ್ರೂ ಬೂದಿ ಮುಚ್ಚಿ ಉಳಿಸ್ಕೊಳ್ಳೋರು. ಪ್ರತಿ ಪುಷ್ಯದಲ್ಲಿ ಒಂದೊಂದು ಕುಲುಮೆಯೋರೂ ಕಿರುಬೆರಳುದ್ದದ ಒಂದು ಬೆಳ್ಳಿಕಡ್ಡಿ ಎರೆದು ಕೊಡ್ಬೇಕು. ಅದನ್ನ ಹಿಂದಿನ ಸಂಜೆ ಮೆಟ್ಟಿಲ ಬುಡದ ಮಂಟಪದಲ್ಲಿ ಕಲ್ಲಿನ ಮೇಲೆ ಮಲಗಿಸೋದು. ಮಲಗಿಸಿದ ಮೇಲೆ ಯಾರೂ ಕೈಯಿಂದ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ಮೈಲಿಗೆ ಅಂತಿದ್ರು. ಬೆಳಕು ಹರೀತಿದ್ದಂಗೆ ನೂಲು ಹಿಡಿಯೋನು ಬಂದು, ರೇಷ್ಮೆ ನೂಲಿನ ಕುಣಿಕೆಯಲ್ಲೇ ಕಡ್ಡೀನ ಎತ್ತಿ, ಮುಂದೆ ನೇತಾಡಿಸ್ಕೊಂಡು ಮೆಟ್ಟಿಲು ಹತ್ಬೇಕು. ಕಡ್ಡಿ ಎಡಕ್ಕೆ ಹೊರಳುತ್ತೆ, ಬಲಕ್ಕೆ ಹೊರಳುತ್ತೆ. ಕೆಳಗೆ ಒತ್ತೊತ್ತಾಗಿ, ಮೇಲೆ ಹೋಗ್ತಾ ಹೋಗ್ತಾ ದೂರ ದೂರ. ಎಷ್ಟು ಸಲ ಹೊರಳುತ್ತೆ ಅನ್ನೋದು ಬೆಳ್ಳಿಗೆ ಅದರದೇ ಎಣಿಕೆ, ತಾಮ್ರಕ್ಕೆ ಅದರದೇ, ತವರಕ್ಕೆ ಅದರದೇ. ಚೊಕ್ಕ ಇದ್ದಷ್ಟೂ ಹೊರಳು ಕೆಳಗಿನ ಮೆಟ್ಟಿಲಲ್ಲೇ ಶುರುವಾಗುತ್ತೆ. ಏನಾದ್ರೂ ಬೆರೆಸಿದ್ರೆ ಮೇಲೆ ಹೋದ್ರೂ ಸತ್ತಂಗೆ ನೇತಾಡುತ್ತೆ. ಅದಕ್ಕೆ ಬರೀ ಬೈಗುಳ, ಮುಂದಿನ ವರ್ಷ ಸರಿಯಾಗಿ ತಗೊಂಡ್ಬಾ ಅಂತ. ಆದ್ರೆ ಬೆಳ್ಳೀಲಿ ಕಬ್ಬಿಣದ ಪುಡಿ ಸೇರಿಸಿದ್ರೋ, ಕಡ್ಡಿ ಹೊರಳಲ್ಲ, ಜಿಗಿಯುತ್ತೆ. ನಿಂತು ನಿಂತು ಟಕ್ ಅಂತ ಆ ಕಡೆಗೆ, ಮತ್ತೆ ನಿಂತು ಟಕ್ ಅಂತ ಈ ಕಡೆಗೆ. ಜಿಗಿದ ಕಡ್ಡಿ ಅಂದ್ರೆ ಮೋಸದ ಕುಲುಮೆ. ಮೂರನೇ ಬೆಳಿಗ್ಗೆ ಆ ಮನೆಯೋನೇ ಬೆಟ್ಟದ ಬುಡದಿಂದ ಒಂದು ಕೊಡ ನೀರು ಹೊತ್ಕೊಂಡು ಹೋಗಿ ತನ್ನ ಕುಲುಮೆಗೆ ತಾನೇ ಹುಯ್ಯಬೇಕು. ಆಮೇಲೆ ಆ ಮನೇಲಿ ಅವನಲ್ಲ, ಅವನ ಮಕ್ಕಳಲ್ಲ, ಯಾರೂ ಗಾಳಿ ಊದೋ ತಿದಿ ಒತ್ತೋ ಹಾಗಿಲ್ಲ.

ನೂಲು ಹಿಡಿಯೋನು ನಾನು. ನಮ್ಮಪ್ಪನಿಂದ ಬಂದದ್ದು. ಸುತ್ತಿಗೆ ಹಿಡಿದ್ರೆ ಹೆಬ್ಬೆರಳು ಜಜ್ಕೊಳ್ತಿದ್ದೆ, ನೂಲು ಹಿಡಿದ್ರೆ ಮಾತ್ರ ಕೈ ಒಂದು ಎಳ್ಳಷ್ಟೂ ಅಲ್ಲಾಡ್ತಿರ್ಲಿಲ್ಲ. ಮೂವತ್ನಾಲ್ಕು ವಯಸ್ಸು ನಂಗಾಗ. ಮೆಟ್ಟಿಲ ಬುಡದಲ್ಲಿ ನಿಂಗಾಚಾರಿ ಅಂತ ಒಬ್ಬ ಟೀ ಮಾರ್ತಿದ್ದ. ಅವರಪ್ಪ ಮಾನಾಚಾರೀದೂ ಒಂದು ಕಾಲದಲ್ಲಿ ಕುಲುಮೆಯೇ. ಆ ಚಳಿಗಾಲಕ್ಕೂ ನಲವತ್ತು ವರ್ಷದ ಹಿಂದೆ ಕಡ್ಡಿ ಜಿಗೀತು ಅಂತ ನೀರು ಹುಯ್ಸಿದ್ರು, ಹುಯ್ಸಿದ್ದು ನಮ್ಮಪ್ಪ. ಆ ಕಡ್ಡಿ ಇನ್ನೂ ಮಂಟಪದ ಕಂಬಕ್ಕೆ ಕಟ್ಟಿತ್ತು, ನೋಡಿದೋರಿಗೆ ಭಯ ಇರ್ಲಿ ಅಂತ. ತನ್ನಪ್ಪನ ಕಡ್ಡಿ ನೋಡ್ಕೊಂಡೇ ಆ ಮನುಷ್ಯ ದಿನಾ ಟೀ ಸೋಸ್ತಿದ್ದ. ನಾನು ಹೋದಾಗೆಲ್ಲ ಒಂದು ಚುಚ್ಚು ಮಾತು ಅವನಿಗೆ ಬೇಕೇ ಬೇಕು. ಏನ್ ಶಂಭಣ್ಣ, ಭಾವನ ಕಡ್ಡಿ, ಬಾಮೈದನ ನೂಲು, ಹೊರಳದೆ ಇರುತ್ತಾ ಅನ್ನೋನು. ಕುಡೀತಿದ್ದೋರೆಲ್ಲ ಲೋಟದೊಳಗೇ ನಗೋರು. ನಾನೂ ನಕ್ಕಂಗೆ ಮಾಡ್ತಿದ್ದೆ. ಒಳಗೆ ಕುದೀತಿತ್ತು.

ಭಾವ ಕಮ್ಮಿ ಮಾತಿನೋನು. ಕರೆದ್ರೆ ತಿರುಗಿ ನೋಡ್ತಿದ್ದ, ಅದೇ ಉತ್ತರ ಅಂದ್ಕೋಬೇಕು. ಅವನಿಗೆ ಬೆಳ್ಳಿ ಚೊಕ್ಕ ಮಾಡೋ ಹುಚ್ಚು. ಎಲ್ಲಾರೂ ಮೂಳೆ ಬೂದಿಯ ಮೂಸೇಲಿ ಸೀಸ ಹಾಕಿ ಬೆಳ್ಳೀನ ಎರಡು ಸಲ ಕಾಸೋರು. ಕೊಳೆಯನ್ನೆಲ್ಲ ಸೀಸ ಎಳ್ಕೊಂಡು ಬೂದಿಗಿಳಿಯುತ್ತೆ, ಬೆಳ್ಳಿ ಮೇಲೆ ಉಳಿಯುತ್ತೆ. ಭಾವ ಆ ವರ್ಷ ಹದಿನಾಲ್ಕು ಸಲ ಕಾಸಿದ. ಶ್ರಾವಣದಿಂದ ಇದೇ ಕೆಲ್ಸ. ನಮ್ಮಕ್ಕ ನಮ್ಮನೆಗೆ ಬಂದಾಗೆಲ್ಲ ಇದೇ ಹೇಳೋಳು, ನಿಮ್ಮ ಭಾವ ಆ ಬೆಳ್ಳಿ ಉಂಡೆ ಮುಂದೆ ಕೂತಷ್ಟು ಹೊತ್ತು ತಟ್ಟೆ ಮುಂದೆ ಕೂತಿಲ್ಲ ಕಣೋ, ಹುಣಿಸೆಕಾಯಿ ಥರ ಆಗಿದಾರೆ ಅಂತ. ಹೇಳ್ತಾ ಹೇಳ್ತಾ ಹೆಮ್ಮೇನೂ ಪಡೋಳು. ಗಂಡನ್ನ ಬೈಯೋ ನೆಪದಲ್ಲಿ ಹೊಗಳೋದ್ರಲ್ಲಿ ಅವಳನ್ನ ಮೀರಿಸೋರಿಲ್ಲ.

ಆ ಪುಷ್ಯದ ಚಳಿ ನಾನು ಮತ್ತೆ ಕಂಡಿಲ್ಲ. ಹಿತ್ತಲ ಬಾನಿ ನೀರಿನ ಮೇಲೆ ಗಾಜಿನ ಥರ ಪದರ ಕಟ್ಟಿತ್ತು. ಮೇಲಿನ ಬೀದೀಲಿ ಕಿಟಕಿ ಸರಳೆಲ್ಲ ಗುಂಯ್ ಅಂತಿದ್ವು. ಭಾವನ ಕಡ್ಡಿ ಕಲ್ಲಿನ ಮೇಲೆ ತಣ್ಣಗೆ ಮಲಗಿತ್ತು, ಕುಣಿಕೆ ಹಾಕಿ ಎತ್ತಿದೆ. ಬೇರೆಯೋರ ಕಡ್ಡಿ ನಲವತ್ತನೇ ಮೆಟ್ಟಿಲ ಹತ್ರ ಹೊರಳೋಕೆ ಶುರು ಮಾಡಿದ್ರೆ ಒಳ್ಳೇ ಕಡ್ಡಿ ಅಂತಿದ್ವಿ. ಇದು ಹನ್ನೆರಡನೇ ಮೆಟ್ಟಿಲಲ್ಲೇ ಶುರು ಮಾಡ್ತು. ಅಲ್ಲೇ ನಂಗೆ ಬುದ್ಧಿ ಬರ್ಬೇಕಿತ್ತು. ಕಬ್ಬಿಣ ಸೇರಿದ್ದು ಅಷ್ಟು ಕೆಳಗೆ ಅಷ್ಟು ನಯವಾಗಿ ಹೊರಳುತ್ತಾ? ಬುದ್ಧಿ ಬರ್ಲಿಲ್ಲ. ಅರವತ್ತು, ಎಪ್ಪತ್ತರವರೆಗೂ ಹೊರಳು ದೊಡ್ಡದಾಗ್ತಾ ಬಂತು. ಎಪ್ಪತ್ತಾರನೇ ಮೆಟ್ಟಿಲಲ್ಲಿ ಕಡ್ಡಿ ನಿಂತೋಯ್ತು. ಒಂದು ಮೆಟ್ಟಿಲು ಹತ್ತಿದೆ, ಅಲ್ಲಾಡ್ಲಿಲ್ಲ. ಇನ್ನೊಂದು ಹತ್ತಿದೆ, ಟಕ್. ಮತ್ತೆ ನಿಂತ್ಕೊಳ್ತು, ಮತ್ತೆ ಟಕ್. ಮೇಲಿನವರೆಗೂ ಹಂಗೇ.

ಕೆಳಗಿಳಿದು ಬಂದೆ. ಮೆಟ್ಟಿಲ ಯಜಮಾನ ಅಡವಯ್ಯ, ಎಂಬತ್ತರ ಹತ್ರದ ಮುದುಕ, ಕಂಬಳಿ ಹೊದ್ಕೊಂಡು ಕೂತಿದ್ರು. ಏನಪ್ಪಾ ಅಂದ್ರು. ಜಿಗೀತು ಅಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖಾನೇ ನೋಡಿ, "ಇನ್ನೊಂದ್ಸಲ ಹತ್ತಿ ನೋಡ್ತೀಯಾ ಶಂಭೂ?" ಅಂದ್ರು. ಬೇಡ ಅಂದೆ. ನಿಂಗಾಚಾರಿ ಟೀ ಲೋಟ ಹಿಡ್ಕೊಂಡು ನನ್ನೇ ನೋಡ್ತಾ ಇದ್ದ. ಬೇರೆ ಯಾರದ್ದಾದ್ರೂ ಆಗಿದ್ರೆ ಮೂರು ಸಲ ಹತ್ತಿ ಇಳೀತಿದ್ದೆ, ದೇವರಾಣೆಗೂ. ಭಾವಂದು ಅಂತ ಒಂದೇ ಸಲಕ್ಕೆ ಮುಗಿಸ್ದೆ. ಊರಿಗೆ ನನ್ನ ನ್ಯಾಯ ತೋರಿಸ್ಬೇಕಿತ್ತು ನೋಡು, ಭಾವನ ಕತ್ತು ಕುಯ್ದು ತೋರಿಸ್ದೆ. ಭಾವ ತನ್ನ ಬಲಗೈ ಮುಂದೆ ಮಾಡಿ ತಿರುಗ್ಸಿ ತಿರುಗ್ಸಿ ನೋಡ್ಕೊಂಡ, ಯಾರದ್ದೋ ಕೈ ನೋಡಿದಂಗೆ. ಆಮೇಲೆ ಎದ್ದು ಮನೆಗೆ ಹೋದ.

ಮನೇಲಿ ನನ್ನ ಹೆಂಡ್ತಿ ತಟ್ಟೆ ಕುಕ್ಕಿದ ಸದ್ದು ಪಕ್ಕದ ಬೀದಿಗೆ ಕೇಳಿರ್ಬೇಕು. ಅಕ್ಕನ ಮನೆ ಬಾಗಿಲಿಗೆ ಎರಡು ಸಲ ಹೋದೆ. ಎರಡು ಸಲಾನೂ ಒಳಗಿಂದ ಚಿಲಕ. ಕಿಟಕೀಲಿ ಇಣುಕಿದ್ರೆ ಭಾವ ಕುಲುಮೆ ಮುಂದೆ ಕೂತಿದ್ದ, ಕೈ ಮಡಿಲಲ್ಲಿ. ತಿದಿ ಮುಟ್ಟಿರ್ಲಿಲ್ಲ, ಒಂದು ಹಿಡಿ ಇದ್ದಿಲು ಹಾಕಿರ್ಲಿಲ್ಲ. ಎದುರು ಮನೆಯೋರು ಹೇಳಿದ್ರು, ಅವನು ಆಗ್ಲೇ ಒಪ್ಕೊಂಡಿದಾನಂತೆ, ಕಬ್ಬಿಣದ ಇಕ್ಕಳದ ತುದಿಯಿಂದ ಒಂದು ಚೂರು ಮೂಸೆಗೆ ಬಿದ್ದಿರುತ್ತೆ, ನನ್ನದೇ ತಪ್ಪು ಅಂತ ಹೆಂಡ್ತಿಗೆ ಹೇಳ್ತಿದ್ದನಂತೆ. ಅದನ್ನ ಕೇಳಿ ನಂಗೆ ಸಮಾಧಾನ ಆಯ್ತು ಅಂದ್ರೆ ನಂಬ್ತೀಯಾ? ಆಯ್ತು. ಅವನೇ ಒಪ್ಕೊಂಡಿದಾನಲ್ಲ, ಇನ್ನು ನಂದೇನಿದೆ ಅಂತ. ಅಂಥಾ ಮನುಷ್ಯ ನಾನು.

ಎರಡನೇ ದಿನ ಬೆಳಿಗ್ಗೆ ಉಳಿದ ಕಡ್ಡಿಗಳ ಲೆಕ್ಕಾಚಾರ ಮುಗಿಸೋಕೆ ಮಂಟಪಕ್ಕೆ ಹೋದೆ. ಅಕ್ಕ ನನಗಿಂತ ಮೊದ್ಲೇ ಬಂದು ಕೂತಿದ್ಲು. ತಲೆ ಬಾಚಿರ್ಲಿಲ್ಲ. ಭಾವನ ಕಡ್ಡಿ ಕಲ್ಲಿನ ಮೇಲಿತ್ತು. ನಾನು ಮಾತು ಹುಡುಕೋದ್ರೊಳಗೆ ಅವಳು ಕೈ ಹಾಕಿ ಕಡ್ಡೀನ ಎತ್ಕೊಂಡು, ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸ್ಕೊಂಡ್ಬಿಟ್ಲು. ಕೈಯಿಂದ ಮುಟ್ಟೋ ಹಾಗಿಲ್ಲ ಅಕ್ಕ ಅಂದೆ. "ನೀರು ಹುಯ್ಯೋಕೆ ಹೇಳಿದೀಯಲ್ಲ, ಇನ್ನು ಮುಟ್ಟಿದ್ರೇನು, ನೆಕ್ಕಿದ್ರೇನು" ಅಂದ್ಲು. "ನಾನೂ ಅದೇ ಅಪ್ಪನ ಮಗಳು. ನೀನು ಹುಟ್ಟೋಕೆ ಮುಂಚೆ ನೂಲು ಹಿಡಿದಿದೀನಿ. ನಡಿ ಮೇಲೆ."

ಸುಳ್ಳಲ್ಲ. ಅಪ್ಪ ಅವಳಿಗೂ ಎಣಿಕೆ ಕಲಿಸಿದ್ದ. ನೂಲು ಮಾತ್ರ ಗಂಡುಮಗನಿಗೆ ಅಂತ ನಂಗೆ ಬಂತು ಅಷ್ಟೆ. ದಾರಿಯುದ್ದಕ್ಕೂ ನನ್ನನ್ನ ಬೈತಾ ಹತ್ತಿದ್ಲು. ನಂಗೆ ಹಾಲೂಡಿಸಿದ್ದು, ಬೆನ್ನ ಮೇಲೆ ಹೊತ್ತಿದ್ದು, ನಂಗೆ ಸಿಡುಬಾದಾಗ ಬೇವಿನ ಸೊಪ್ಪು ಬೀಸಿದ್ದು, ಒಂದೂ ಬಿಡ್ಲಿಲ್ಲ. ಎಪ್ಪತ್ತನೇ ಮೆಟ್ಟಿಲಲ್ಲಿ ನಿಂತು, ಸೊಂಟದಿಂದ ಕಡ್ಡಿ ತೆಗೆದು, ನನ್ನ ನೂಲು ಕಿತ್ಕೊಂಡು ಕುಣಿಕೆ ಹಾಕಿದ್ಲು. ಹತ್ತೋಕೆ ಶುರು ಮಾಡಿದ್ಲು. ಎಪ್ಪತ್ತಾರು ದಾಟಿತು. ಎಂಬತ್ತು ದಾಟಿತು. ಕಡ್ಡಿ ಎಡಕ್ಕೆ ಹೋಯ್ತು, ಬಲಕ್ಕೆ ಬಂತು, ತೊಟ್ಟಿಲು ತೂಗಿದಂಗೆ. ಒಂದು ಜಿಗಿತ ಇಲ್ಲ. ಎಣಿಸ್ದೆ. ಬೆಳ್ಳಿ ಎಣಿಕೆ, ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ.

ಈಗ ಕೇಳು ನನ್ನ ಯೋಗ್ಯತೆ. ಅಕ್ಕನ ಕಾಲಿಗೆ ಬೀಳೋ ಬದ್ಲು ನಾನಂದೆ, "ಕಡ್ಡಿ ಬದಲಾಯಿಸಿದೀಯ."

ಅವಳು ನಿಂತ ಜಾಗದಲ್ಲೇ ನಿಂತ್ಲು. ಸೆರಗು ಬಿಡಿಸಿ ಕೊಡವಿದ್ಲು, ಎರಡು ಅಡಿಕೆ ಹೋಳು ಬಿತ್ತು, ಅಷ್ಟೇ. ಕೈ ಚಾಚಿ ತೋರಿಸಿದ್ಲು. ಹುಡುಕು ಅಂದ್ಲು. ನಾನು ತಲೆ ತಗ್ಗಿಸ್ದೆ. ಅವಳು ನೂಲನ್ನ ನನ್ನ ಕೈಗೆ ತುರುಕಿ, ತೊಂಬತ್ತನೇ ಮೆಟ್ಟಿಲ ಮೇಲೆ ಕೂತ್ಕೊಂಡು ಅತ್ಲು. ಅಳ್ತಾ ಅಳ್ತಾನೇ ಜಗಳ. ಆ ಮನುಷ್ಯ ನಾಳೆ ನೀರು ಹುಯ್ತಾರೆ, ಹುಯ್ದು ಮುಗಿಸಿ ಎಲ್ಲಿಗಾದ್ರೂ ಹೋಗ್ಬಿಡ್ತಾರೆ, ಬದುಕಿರಲ್ಲ ಕಣೋ, ಅವರಿಗೆ ಬೇರೆ ಏನೂ ಬರಲ್ಲ, ಒಂದು ಸೊಪ್ಪು ತರೋಕೆ ಕಳಿಸಿದ್ರೆ ಹುಲ್ಲು ತರ್ತಾರೆ ಅಂದ್ಲು. ಅಷ್ಟು ಹೊತ್ತೂ ಕಡ್ಡಿ ನನ್ನ ಕೈಯ ನೂಲಲ್ಲಿ ನೇತಾಡ್ತಿತ್ತು. ಬೆಟ್ಟದ ಗಾಳಿ ಕಿವಿ ಕತ್ತರಿಸ್ತಿತ್ತು. ಅವಳನ್ನ ನೋಡೋಕಾಗ್ದೆ ನಾನು ನೂಲು ಹಿಡ್ಕೊಂಡೇ ಎರಡು ಮೆಟ್ಟಿಲು ಮೇಲಕ್ಕೆ ಹೋದೆ, ಮೂರನೇದಕ್ಕೆ ಕಾಲಿಟ್ಟೆ. ಟಕ್.

ಅಕ್ಕ ಮೂಗು ಒರೆಸ್ಕೊಂಡು ಎದ್ದು ಬಂದ್ಲು. ಮತ್ತೆ ಹತ್ತು ಅಂದ್ಲು. ಹತ್ತಿದೆ, ಟಕ್. ಅದೇ ಕಡ್ಡಿ, ಅದೇ ನೂಲು. ಅವಳು ಕಡ್ಡೀನ ಹಿಡಿದು ನೋಡಿ, ತಣ್ಣಗಾಗಿದೆ ಅಂದ್ಲು. ನನ್ನ ಸೊಂಟದಲ್ಲಿದ್ದಾಗ ಬೆಚ್ಚಗಿತ್ತು ಅಂದ್ಲು. ಅಲ್ಲೇ ಮುಷ್ಟೀಲಿ ಮುಚ್ಚಿ, ಹೊತ್ತು ಹೊತ್ತಿಗೆ ಊದಿ ಬಿಸಿ ಮಾಡಿ ಕೊಟ್ಲು. ನಯವಾಗಿ ಹೊರಳ್ತು. ಗಾಳಿಗೆ ಹಿಡಿದು ತಣ್ಣಗೆ ಮಾಡಿದ್ವಿ. ಜಿಗೀತು. ಇದನ್ನೇ ಎಷ್ಟು ಸಲ ಮಾಡಿದ್ವೋ, ಬಿಸಿಲು ನೆತ್ತಿಗೆ ಬಂದಿತ್ತು.

ಕಬ್ಬಿಣಕ್ಕೆ ಹೆಂಗಸಿನ ಸೊಂಟದ ಬಿಸಿ ಏನು ಮಾಡೀತು ಮಗಾ? ಏನೂ ಮಾಡಲ್ಲ. ಕಬ್ಬಿಣ ಇದ್ದಿದ್ರೆ ಬೆಚ್ಚಗಿದ್ರೂ ಜಿಗೀಬೇಕು, ತಣ್ಣಗಿದ್ರೂ ಜಿಗೀಬೇಕು. ಹಂಗಂತ ನಾನು ಅಂದ್ಕೊಂಡೆ. ಆದ್ರೆ ಯಾರು ನೋಡಿದಾರೆ? ನೂರಾರು ವರ್ಷದಿಂದ ಯಾವ ಕಡ್ಡೀನೂ ಯಾರೂ ಬೆಚ್ಚಗೆ ಮಾಡಿರ್ಲಿಲ್ಲ. ಮುಟ್ಟಿದ್ರೆ ಮೈಲಿಗೆ ಅಂತ ಕಲ್ಲಿನ ಮೇಲೆ ಮಲಗಿಸ್ತಾ ಬಂದಿದ್ವಿ. ಮಂಟಪದ ಕಂಬದಲ್ಲಿ ಮಾನಾಚಾರಿ ಕಡ್ಡಿ ಇತ್ತಲ್ಲ, ಅದನ್ನ ಈಗ್ಲೇ ಬಿಚ್ಚಿ ನೋಡೋಣ ಅಂದೆ. ಅಕ್ಕ ಬೇಡ ಅಂದ್ಲು. ಇಬ್ರೇ ನೋಡಿದ್ರೆ ಅಕ್ಕ ತಮ್ಮ ಸೇರ್ಕೊಂಡು ಏನೋ ಮಾಡಿದಾರೆ ಅಂತಾರೆ, ನಾಳೆ ಎಲ್ಲಾರ ಮುಂದೆ ನೋಡು ಅಂದ್ಲು. ಸರಿಯಾದ ಮಾತೇ. ಆದ್ರೆ ನಂಗೆ ಒಳಗೆ ಒಂದು ಭಯ ಹತ್ಕೊಳ್ತು. ನಾಳೆ ಆ ಹಳೇ ಕಡ್ಡೀನೂ ನಯವಾಗಿ ಹೊರಳಿದ್ರೆ, ಒಂದೋ ಕಬ್ಬಿಣಾನೂ ಬಿಸಿಗೆ ಹಂಗೇ ಮಾಡುತ್ತೆ ಅಂತ ಭಾವನ ಕಥೆ ಮುಗೀತು, ಇಲ್ಲಾ ನಮ್ಮಪ್ಪ ಮಾನಾಚಾರಿ ಮನೆ ಹಾಳು ಮಾಡಿದ ಅಂತ ಆಯ್ತು. ಭಾವನಿಗೆ ಅಕ್ಕ ಹೇಳಿ ನೋಡಿದ್ಲಂತೆ. ಸುಮ್ನಿರು ಕಾಳಿ, ಇಕ್ಕಳದ ಚೂರೇ ಅದು ಅಂದನಂತೆ, ಗೋಡೆ ಕಡೆ ತಿರುಗಿ.

ಮೂರನೇ ಬೆಳಿಗ್ಗೆ ಊರೆಲ್ಲ ಮೆಟ್ಟಿಲ ಬುಡದಲ್ಲಿತ್ತು. ಭಾವ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಬಂದಿದ್ದ. ನೀರು ತುಂಬಿದ ಕೊಡ ಆಗ್ಲೇ ಹೆಗಲ ಮೇಲಿತ್ತು. ಅವನು ಹೆಜ್ಜೆ ಎತ್ತೋದ್ರೊಳಗೆ ನಾನು ಅಡ್ಡ ನಿಂತು, ನೋಡಿ, ನಾನು ತಪ್ಪು ಹೇಳಿದೆ ಅಂದೆ. ಯಾವಾಗ್ಲೂ ಊರುದ್ದ ಮಾತಾಡೋನು, ಅವತ್ತು ಅಷ್ಟೇ ಬಂದಿದ್ದು ಬಾಯಿಗೆ. ಆಮೇಲೆ ಅಕ್ಕ ಎಲ್ಲಾ ಬಿಡಿಸಿ ಹೇಳಿದ್ಲು. ಗುಂಪಲ್ಲಿ ಯಾರೋ, ಬಾಮೈದನ ನೂಲು ಕೊನೆಗೂ ಭಾವನ ಕಡೆಗೇ ಹೊರಳ್ತು ಅಂದ್ರು. ನಗೆ ಎದ್ದಿತು. ಅಡವಯ್ಯ ಕೈ ಎತ್ತಿ ಸುಮ್ನಾಗಿಸಿದ್ರು. ಶಂಭು ಬೇಡ, ಕಾಳಮ್ಮ ಬೇಡ, ಕಡ್ಡಿ ನನ್ನ ಕೈಗೆ ಕೊಡಿ, ನೂಲೂ ನಾನೇ ಹಿಡೀತೀನಿ ಅಂದ್ರು. ಮೊದ್ಲು ತಣ್ಣನೆಯ ಕಡ್ಡೀನ ನಾಲ್ಕು ಜನರ ಹೆಗಲು ಹಿಡ್ಕೊಂಡು ಎಂಬತ್ತನೇ ಮೆಟ್ಟಿಲವರೆಗೆ ತಗೊಂಡೋದ್ರು. ಜಿಗೀತು. ಎಲ್ಲಾರೂ ಕಂಡ್ರು. ಅಲ್ಲೇ ಮೆಟ್ಟಿಲ ಮೇಲೆ ಕೂತು, ಕಡ್ಡೀನ ಕಂಕುಳಲ್ಲಿಟ್ಕೊಂಡು ಕಂಬಳಿ ಮುಚ್ಕೊಂಡ್ರು, ಕೋಳಿ ಕಾವು ಕೂತಂಗೆ. ಊರಿಗೂರೇ ಮುದುಕರ ಕಂಕುಳು ನೋಡ್ಕೊಂಡು ನಿಂತಿತ್ತು. ಸಾಕಾಯ್ತು ಅನ್ಸಿದ ಮೇಲೆ ತೆಗೆದು ಕುಣಿಕೆ ಹಾಕಿ ಹತ್ತಿದ್ರು. ಹೊರಳ್ತು. ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ. ಮಧ್ಯ ಮಧ್ಯ ನಿಂತು ಮತ್ತೆ ಕಂಕುಳಿಗೆ ಸೇರಿಸಿ, ಮತ್ತೆ ಹತ್ತಿ, ನೂರಾ ಮೂವತ್ತೊಂದೂ ಹತ್ತಿದ್ರು ಆ ಮನುಷ್ಯ. ಕೆಳಗಿದ್ದ ಜನ ಒಟ್ಟಿಗೆ ಎಣಿಸ್ತಾ ಇದ್ರು.

ಇಳಿದು ಬಂದು ಸುಧಾರಿಸ್ಕೊಳ್ತಿದ್ದಾಗ ನಿಂಗಾಚಾರಿ ಎದ್ದು ನಿಂತ. ಟೀ ಸೋಸೋ ಬಟ್ಟೇಲಿ ಕೈ ಒರೆಸ್ಕೊಂಡು, ಕಂಬದ ಮೇಲಿರೋ ನಮ್ಮಪ್ಪನ ಕಡ್ಡೀನೂ ಬೆಚ್ಚಗೆ ಮಾಡಿ ನೋಡ್ಬೇಕು ಅಂದ. ಅವನೇ ಗಂಟು ಬಿಚ್ಚಿದ. ನಲವತ್ತು ವರ್ಷದ ಗಂಟು, ಹಲ್ಲಲ್ಲಿ ಕಚ್ಚಿ ಬಿಚ್ಚಬೇಕಾಯ್ತು. ಅವನೇ ಎರಡೂ ಕೈಲಿ ಮುಚ್ಚಿ ಉಜ್ಜಿ ಬಿಸಿ ಮಾಡಿದ. ಎಷ್ಟು ಉಜ್ಜಿದ ಅಂದ್ರೆ, ಸಾಕು ಕಣಯ್ಯ ಅಂತ ಅಡವಯ್ಯ ಹೇಳ್ಬೇಕಾಯ್ತು. ನೂಲು ಹಿಡಿಯೋಕೆ ನನ್ನ ಕರೆದ. ನೀನೇ ಹಿಡಿ ಶಂಭಣ್ಣ, ನಿಮ್ಮಪ್ಪ ಹಿಡಿದಿದ್ದು ತಾನೇ ಅಂದ. ನೂಲು ತಗೊಂಡು ಹತ್ತಿದೆ.

ಐವತ್ತನೇ ಮೆಟ್ಟಿಲಲ್ಲೇ ಜಿಗೀತು. ಬಿಸಿ ಆರಿರ್ಲಿಲ್ಲ, ಕೈಯಿಟ್ಟು ನೋಡಿದ್ವಿ, ಬೆಚ್ಚಗೇ ಇತ್ತು. ಮತ್ತೆ ಉಜ್ಜಿದ, ಮತ್ತೆ ಹತ್ತಿದ್ವಿ. ಟಕ್ ಟಕ್ ಅಂತ ಹುಚ್ಚು ಹಿಡಿದಂಗೆ ಜಿಗೀತು. ನಾನು ನಿಂಗಾಚಾರಿ ಮುಖ ನೋಡೋಕೆ ಹೆದರ್ತಿದ್ದೆ. ಅವನು ಮೆಟ್ಟಿಲ ಮೇಲೆ ಕೂತ.

"ಸರಿ ಬಿಡಿ," ಅಂದ. "ನಮ್ಮಪ್ಪ ಕಳ್ಳನೇ. ನಲವತ್ತು ವರ್ಷದಿಂದ ಅವನನ್ನ ನಂಬ್ಲೋ ಬಿಡ್ಲೋ ಅಂತ ಒದ್ದಾಡಿ ಸಾಕಾಗಿತ್ತು."

ಹೇಳಿ ಕಡ್ಡೀನ ಜೇಬಿಗೆ ಹಾಕ್ಕೊಂಡ. ಕಂಬಕ್ಕೆ ವಾಪಸ್ ಕಟ್ಟು ಅಂತ ಯಾರಿಗೂ ಹೇಳೋ ಧೈರ್ಯ ಬರ್ಲಿಲ್ಲ. ಕೆಳಗೆ ಹೋಗಿ ಒಲೆ ಹಚ್ಚಿ ಅವತ್ತು ಎಲ್ಲಾರಿಗೂ ಬಿಟ್ಟಿ ಟೀ ಕೊಟ್ಟ, ಜೊತೆಗೆ ಎಲ್ಲಾರನ್ನೂ ಬೈದ.

ಭಾವ ಅಲ್ಲೀವರೆಗೂ ಕೊಡ ಹೊತ್ಕೊಂಡೇ ನಿಂತಿದ್ದ ಮಗಾ. ಇಳಿಸು ಅಂತ ಯಾರಿಗೂ ನೆನಪಾಗಿರ್ಲಿಲ್ಲ, ಅವನಿಗೂ ಆಗಿರ್ಲಿಲ್ಲ. ಅಡವಯ್ಯ ಅವನ ಹತ್ರ ಹೋಗಿ, ಓಂಕಾರಾ, ನಿನ್ನ ಬೆಳ್ಳೀಲಿ ಕಬ್ಬಿಣ ಇಲ್ಲ, ಮತ್ತೆ ಯಾಕಪ್ಪ ಜಿಗೀತು ಅಂತ ಕೇಳಿದ್ರು. ಭಾವ ಕೊಡ ಇಳಿಸಿ ಕಡ್ಡೀನ ಕೈಗೆ ತಗೊಂಡು ಬಹಳ ಹೊತ್ತು ನೋಡಿದ. ನಾನು ಕಂಡಂಗೆ ಅವನು ಜೀವಮಾನದಲ್ಲಿ ಆಡಿದ ಅತಿ ಉದ್ದದ ಮಾತು ಅದೇ. "ಕೊಳೆ ಇದ್ದಾಗ ಅದಕ್ಕೆ ಬೆಟ್ಟದ ಎಳೆತ ಮಾತ್ರ ಗೊತ್ತಾಗ್ತಿತ್ತು. ಇಷ್ಟು ಚೊಕ್ಕ ಆದ್ಮೇಲೆ, ಇಷ್ಟು ಚಳೀಲಿ, ತನ್ನ ಹೊರಳಿನ ಎಳೆತಾನೂ ತನಗೇ ತಾಗ್ತಿದೆ. ಬೆಟ್ಟ ಒಂದು ಕಡೆ ಎಳೆಯುತ್ತೆ, ತಾನು ತನ್ನನ್ನೇ ಹಿಡ್ಕೊಳ್ಳುತ್ತೆ. ಹಿಡಿತ ತಪ್ಪಿದಾಗ ಜಿಗಿಯುತ್ತೆ." ಅಡವಯ್ಯ ಅರ್ಥ ಆದಂಗೆ ತಲೆ ಅಲ್ಲಾಡಿಸಿದ್ರು. ಆಗಿರ್ಲಿಲ್ಲ. ನಂಗೂ ಪೂರ್ತಿ ಆಗಿದೆ ಅಂತ ಈಗ್ಲೂ ಹೇಳಲ್ಲ.

ಕುಲುಮೆ ಉರೀಲಿ, ಇನ್ಮೇಲೆ ಪ್ರತಿ ಕಡ್ಡೀನೂ ಒಂದು ಸಲ ಕಲ್ಲಿನ ತಂಪಲ್ಲಿ, ಒಂದು ಸಲ ಮೈಯ ಬಿಸೀಲಿ ನೋಡ್ಬೇಕು ಅಂತ ಅಡವಯ್ಯ ಹೇಳಿದ್ರು. ತಪ್ಪು ಹೇಳಿದ ನೂಲನ್ನ ಕತ್ತರಿಸೋದು ನಮ್ಮಲ್ಲಿ ರೂಢಿ. ನಾನೇ ನೂಲು ಸುತ್ತಿ ಅವರ ಮುಂದೆ ಇಟ್ಟೆ. ಅವರು ನೋಡಿ, ನೂಲೇನು ಮಾಡ್ತು ಪಾಪ, ಕತ್ತರಿಸೋದಾದ್ರೆ ಆ 'ಬೇಡ' ಅಂದ ನಾಲಿಗೆ ಕತ್ತರಿಸ್ಬೇಕು, ಎತ್ಕೋ ಅಂದ್ರು. ಎತ್ಕೊಂಡೆ.

ಅಷ್ಟರಲ್ಲಿ ಭಾವನಿಗೆ ಕುಲುಮೆ ನೆನಪಾಯ್ತು. ಎರಡು ದಿನದಿಂದ ಇದ್ದಿಲು ಹಾಕಿಲ್ಲ, ಆರೋಗಿರುತ್ತೆ ಅಂತ ಮುಖ ಬಿಳುಚ್ಕೊಂಡ. ಬೀದೀಲಿ ಓಡಿದ, ಅವನ ಹಿಂದೆ ನಾವು. ಒಳಗೆ ಹೋಗಿ ಬೂದಿ ಕೆದರಿದ್ರೆ ಕೆಂಡ ದಾಸವಾಳದಷ್ಟು ಕೆಂಪಗಿತ್ತು. ಭಾವ ತಿರುಗಿ ಅಕ್ಕನ್ನ ನೋಡಿದ. ಅವಳ ಉಗುರಿನೊಳಗೆಲ್ಲ ಇದ್ದಿಲ ಮಸಿ. ಏನ್ ನೋಡ್ತೀರಿ, ನೀವು ಗೋಡೆ ಕಡೆ ತಿರುಗಿ ಮಲಗಿದ್ರೆ ಮನೆ ನಡೆಯುತ್ತಾ ಅಂದ್ಲು.

ಭಾವ ಕುಲುಮೆ ಗೋಡೆಗೆ ಬೆನ್ನು ಕೊಟ್ಟು ಕೂತ. ಕೂತೋನು ಹಂಗೇ ನಿದ್ದೆ ಹೋದ, ಬಾಯಿ ತೆಕ್ಕೊಂಡು, ಗೊರಕೆ ಹೊಡ್ಕೊಂಡು. ಮಾತಾಡ್ಸೋಕೆ ಬಂದ ಊರೋರೆಲ್ಲ ಅವನ ಚಾಚಿದ ಕಾಲು ದಾಟ್ಕೊಂಡು ಒಳಗೆ ಬಂದ್ರು, ದಾಟ್ಕೊಂಡು ಹೊರಗೆ ಹೋದ್ರು, ಎಬ್ಬಿಸ್ಬೇಡಿ ಅಂತ ಅಕ್ಕ ಕಣ್ಣಲ್ಲೇ ಹೇಳ್ತಿದ್ಲು. ಕೆಂಡ ನೋಡ್ಕೊಳ್ಳೋರು ಬೇಕಲ್ಲ, ನಾನು ತಿದಿ ಮುಂದೆ ಕೂತೆ. ಸುತ್ತಿಗೆ ಬರ್ದಿದ್ರೂ ತಿದಿ ಒತ್ತೋಕೆ ಏನು ವಿದ್ಯೆ ಬೇಕು. ಮಧ್ಯಾಹ್ನ ದಾಟೋವರೆಗೂ ಒತ್ತಿದೆ. ಬಂದ ಜನ ಹೋದ್ರು. ಅಕ್ಕ ನನ್ನ ಹಿಂದೆ ಓಡಾಡ್ತಾ ಇದ್ಲು, ಪಾತ್ರೆ ಎತ್ತಿಡೋದು, ಕಸ ಗುಡಿಸೋದು, ನನ್ನ ಕಡೆ ನೋಡ್ತಿರ್ಲಿಲ್ಲ. ಕಡ್ಡಿ ಬದಲಾಯಿಸಿದೀಯ ಅಂದಿದ್ದೆನಲ್ಲ, ಅದು ನಮ್ಮಿಬ್ರ ಮಧ್ಯೆ ಇನ್ನೂ ಕೂತಿತ್ತು. ಕ್ಷಮಿಸು ಅಂತ ಹೇಳೋಣ ಅಂದ್ಕೊಂಡೆ, ಆ ಮಾತು ನಮ್ಮನೆಗಳಲ್ಲಿ ಯಾರೂ ಆಡಿದ್ದಿಲ್ಲ, ಹೆಂಗೆ ಶುರು ಮಾಡೋದು ಗೊತ್ತಾಗ್ಲಿಲ್ಲ. ಒತ್ತುತ್ತಾನೇ ಇದ್ದೆ. ಕೊನೆಗೆ ಅವಳೇ ಬಾಗಿಲ ಹತ್ರ ನಿಂತು, "ಹೊಟ್ಟೆಗೇನಾದ್ರೂ ತಿಂದ್ಯೇನೋ?" ಅಂದ್ಲು.

ಇಲ್ಲ ಅಂದೆ. ಸುಳ್ಳು. ಬೆಳಿಗ್ಗೆ ಬರೋಕೆ ಮುಂಚೆ ನಾಲ್ಕು ರೊಟ್ಟಿ ಹೊಡೆದು ಬಂದಿದ್ದೆ. ಅವಳು ತಟ್ಟೆ ತಂದು ಮುಂದಿಟ್ಲು, ನಾನು ಮತ್ತೆ ತಿಂದೆ.